ಮೊದಲು ಇಟ್ಟ ಹೆಸರು

ರಸ್ತೆಯಲ್ಲಿ ಯಾರಾದರೂ "ಸೌಮ್ಯಾ" ಎಂದು ಕೂಗಿದರೆ ತಿರುಗಿ ನೋಡುತ್ತೇನೆ. "ವಿಶಾಲಾಕ್ಷೀ" ಎಂದರೂ ತಿರುಗಿ ನೋಡುತ್ತೇನೆ. ಹೀಗೆ ಎರಡೆರಡು ಹೆಸರಿಗೆ ತಿರುಗುವವರು ಸಾಮಾನ್ಯವಾಗಿ ಪೊಲೀಸರಿಗೆ ಬೇಕಾದವರಾಗಿರುತ್ತಾರೆ. ನಾನು ಅಂಥವಳಲ್ಲ. ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದವಳು. ಒಂದು ಗಿಡಕ್ಕೆ ಒಂದೇ ಸರಿಯಾದ ಹೆಸರು ಎಂದು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆದವಳು. ಅಂಥವಳಿಗೆ ಎರಡು ಹೆಸರು ಅಂಟಿಕೊಂಡದ್ದು ಹೇಗೆ ಅಂತ ಕೇಳಿದರೆ, ಅದಕ್ಕೆ ನನ್ನ ಅತ್ತೆಯ ಕಥೆ ಹೇಳಬೇಕು, ತುಳಸಿಯ ಕಥೆಯನ್ನೂ ಹೇಳಬೇಕು.

ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಮದುವೆಯಾಯಿತು. ಅಲ್ಲಿಯವರೆಗೆ ನಾನು ವಿಶಾಲಾಕ್ಷಿ. ನನ್ನ ಕಣ್ಣು ಅಷ್ಟೇನೂ ವಿಶಾಲವಲ್ಲ. ಆದರೆ ಹುಟ್ಟಿದ ದಿನ ಅಪ್ಪ ನೋಡಲು ಬಂದಾಗ ಬಿಟ್ಟಗಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದೆನಂತೆ, ಅವರು ಅಲ್ಲೇ ನಿಂತು ಹೆಸರು ತೀರ್ಮಾನಿಸಿದರಂತೆ. ನಾನು ಬಿ.ಎಸ್ಸಿ. ಮುಗಿಸುವ ಮುಂಚೆಯೇ ಅಪ್ಪ ತೀರಿಕೊಂಡರು. ಅವರು ನನಗೇ ಅಂತ ಕೊಟ್ಟು ಹೋದದ್ದು ಈ ಹೆಸರು ಒಂದೇ.

ಗಂಡನ ಮನೆಯ ಹೊಸ್ತಿಲಲ್ಲಿ ಅಕ್ಕಿಯ ಸೇರು ಒದ್ದು ಒಳಗೆ ಬಂದೆ. ಬಂದ ಐದು ನಿಮಿಷಕ್ಕೆ ಪುರೋಹಿತರು, "ಹುಡುಗಿಗೆ ಹೊಸ ಹೆಸರು ಏನು ಯೋಚನೆ ಮಾಡಿದೀರಿ?" ಅಂದರು. ಏಕೆಂದರೆ ನನ್ನ ಅತ್ತೆಯ ಹೆಸರು ವಿಶಾಲಾಕ್ಷಮ್ಮ. ಮಗ ಅನ್ನಿಸಿಕೊಂಡವನು ಹೆಂಡತಿಯನ್ನು ಅಮ್ಮನ ಹೆಸರು ಹಿಡಿದು ಕರೆಯುವುದುಂಟೆ? ಅತ್ತೆಗಾದರೂ, "ಲೇ ವಿಶಾಲಾಕ್ಷಿ, ಹಾಲು ಉಕ್ಕಿಸಿಬಿಟ್ಟೆಯಲ್ಲೇ" ಎಂದು ತನ್ನನ್ನು ತಾನೇ ಬೈದುಕೊಳ್ಳುವ ಸಂಕಟ ಏಕೆ? ಹಾಗಾಗಿ ನಾನು ಸೌಮ್ಯ ಆದೆ. ನನ್ನನ್ನು ಬಲ್ಲ ಗೆಳತಿಯರು ಆ ಹೆಸರು ಕೇಳಿ ಬಹಳ ಹೊತ್ತು ನಕ್ಕರು.

ಸಸ್ಯಗಳಿಗೆ ಹೆಸರಿಡುವವರ ಲೋಕದಲ್ಲಿ ಇದಕ್ಕೊಂದು ನಿಯಮವೇ ಇದೆ. ಎರಡು ಬೇರೆ ಬೇರೆ ಗಿಡಗಳಿಗೆ ಒಂದೇ ಹೆಸರು ಇರಕೂಡದು. ಗೊತ್ತಿಲ್ಲದೆ ಇಟ್ಟಿದ್ದರೆ ಮೊದಲು ಅಚ್ಚಾದದ್ದು ಉಳಿಯುತ್ತದೆ. ಆಮೇಲಿನದು ಬಿದ್ದುಹೋಗುತ್ತದೆ, ಎರಡನೆಯ ಗಿಡಕ್ಕೆ ಬೇರೆ ಹೆಸರು ಹುಡುಕಬೇಕು. ಮದುವೆಯ ರಜೆ ಹಾಕುವ ಮುಂಚಿನ ವಾರ ತಾನೆ ನಾನು ಇದನ್ನು ಪಾಠ ಮಾಡಿ, "ಬಹಳ ನ್ಯಾಯವಾದ ನಿಯಮ" ಎಂಬ ಮಾತನ್ನೂ ಸೇರಿಸಿದ್ದೆ.

ಕಾಲೇಜಿನಲ್ಲಿ ಮಾತ್ರ ನಾನು ವಿಶಾಲಾಕ್ಷಿ ಮೇಡಂ ಆಗಿಯೇ ಉಳಿದೆ. ಬೆಳಿಗ್ಗೆ ಒಂಬತ್ತೂವರೆಗೆ ಮನೆಯ ಗೇಟು ದಾಟಿದರೆ ವಿಶಾಲಾಕ್ಷಿ, ಸಂಜೆ ಅದೇ ಗೇಟು ತೆಗೆದರೆ ಸೌಮ್ಯ. ಇದರಿಂದ ದೊಡ್ಡ ತೊಂದರೆಯೇನೂ ಆಗಲಿಲ್ಲ. ಒಂದು ಸಲ ಮಾತ್ರ, ನಾನು ಮಾರ್ಕೆಟ್ಟಿಗೆ ಹೋಗಿದ್ದಾಗ, ವಿದ್ಯಾರ್ಥಿನಿಯೊಬ್ಬಳು ಕೈಯಲ್ಲಿ ನಮ್ಮದೇ ಕಾಂಪೌಂಡಿನಿಂದ ಹೊರಗೆ ಬಾಗಿದ್ದ ಬಳ್ಳಿಯ ತುಂಡು ಹಿಡಿದು ಮನೆಗೆ ಬಂದಳು. ಪರೀಕ್ಷೆ ಹತ್ತಿರವಿತ್ತು, ಪಾಪ. "ವಿಶಾಲಾಕ್ಷಿ ಮೇಡಂ ಇದಾರಾ?" ಅಂದಳು. "ನಾನೇ. ಏನಮ್ಮ?" ಅಂದರು ಅತ್ತೆ. ಹುಡುಗಿ ಗಾಬರಿಯಲ್ಲಿ ಮುಖವನ್ನೂ ಸರಿಯಾಗಿ ನೋಡಲಿಲ್ಲವೋ, ಮೇಡಂ ಅವರ ಅಮ್ಮನೂ ಮೇಡಂ ಇರಬಹುದು ಅಂದುಕೊಂಡಳೋ, "ಇದು ಯಾವ ಫ್ಯಾಮಿಲಿ?" ಎಂದು ಬಳ್ಳಿ ತೋರಿಸಿದಳು.

"ಫ್ಯಾಮಿಲಿನಾ? ಇದು ಪದ್ಮನಾಭನಗರದ ಸರೋಜಮ್ಮನವರ ಮನೇದು."

ನಾನು ಬರುವಷ್ಟರಲ್ಲಿ ಹುಡುಗಿ ಕಾಫಿ ಕುಡಿದು, ಉಪ್ಪಿಟ್ಟು ತಿಂದು, ಸಂದೇಹ ಹಾಗೆಯೇ ಇಟ್ಟುಕೊಂಡು ಹೋಗಿದ್ದಳು.

ಅತ್ತೆಯನ್ನು ನೋಡಿ ನಗಬೇಡಿ. ಅವರ ವರ್ಗೀಕರಣ ಹಾಗಿತ್ತು. ಸರೋಜಮ್ಮನ ಬಳ್ಳಿ, ಲಲಿತನ ದಾಸವಾಳ, ಹಾಲಿನವನು ತಂದುಕೊಟ್ಟ ಕರಿಬೇವು. ಯಾರು ಕೊಟ್ಟರೋ ಅವರ ಹೆಸರು. ನನ್ನ ಶಾಸ್ತ್ರದವರೇನು ಕಡಿಮೆಯೆ? ನಮ್ಮ ಹಿತ್ತಲಿನಲ್ಲಿ ಬಸವನಪಾದ ಇತ್ತು. ಎಲೆ ನಡುವೆ ಸೀಳಿ ಎರಡಾದಂತೆ ಕಾಣುತ್ತದಲ್ಲ, ಅದೇ. ಬಸವನಗುಡಿಯ ಮಗ್ಗುಲಲ್ಲಿರುವ ನಮಗೆ ಅದರಲ್ಲಿ ಎತ್ತಿನ ಗೊರಸು ಕಂಡಿತು. ಯೂರೋಪಿನವರಿಗೆ ಆ ಜೋಡಿ ಎಲೆಯಲ್ಲಿ ಗಿಡಗಳ ಬಗ್ಗೆ ಪುಸ್ತಕ ಬರೆದ ಒಬ್ಬ ಅಣ್ಣ, ಒಬ್ಬ ತಮ್ಮ ಕಂಡರು. ಅವರ ಮನೆತನದ ಹೆಸರನ್ನೇ ತಿರುಚಿ ಬೌಹೀನಿಯಾ ಅಂದರು. ಸರೋಜಮ್ಮನಿಗೆ ಒಬ್ಬ ಲ್ಯಾಟಿನ್ ಪಂಡಿತನ ಪರಿಚಯವಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮಾವನವರ ದಾರಿ ಬೇರೆ. ಅವರು ಅಂಚೆಯಲ್ಲಿ ಕಾಗದ ವಿಂಗಡಿಸುತ್ತಿದ್ದು ನಿವೃತ್ತರಾದವರು. ಪ್ರಪಂಚದಲ್ಲಿ ವಿಳಾಸ ಇರುವ ವಸ್ತು, ವಿಳಾಸ ಇಲ್ಲದ ವಸ್ತು ಎಂದು ಎರಡೇ ಜಾತಿ ಎಂಬುದು ಅವರ ನಂಬಿಕೆ. ಸೊಸೆ ಬಾಟನಿಯವಳು ಎಂದು ತಿಳಿದ ಮೇಲೆ ಅವರಿಗೆ ಹಿತ್ತಲಿನ ಗಿಡಗಳೆಲ್ಲ ವಿಳಾಸವಿಲ್ಲದ ಕಾಗದಗಳಂತೆ ಕಾಣತೊಡಗಿದವು.

"ಕಾಗದ ಹೋಗೋದು ಹೇಗೆ ಹೇಳು," ಎಂದು ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡರು. "ಮೊದಲು ರಾಜ್ಯ, ಆಮೇಲೆ ಜಿಲ್ಲೆ, ಊರು, ಬಡಾವಣೆ, ರಸ್ತೆ, ಕೊನೆಗೆ ಮನೆ. ನಿಮ್ಮ ಗಿಡಾನೂ ಹಾಗೇನಾ?"

"ಹಾಗೇ ಮಾವ. ಫ್ಯಾಮಿಲಿ ಅಂದ್ರೆ ಬಡಾವಣೆ ಅಂತಿಟ್ಕೊಳ್ಳಿ. ಜೀನಸ್ ಅಂದ್ರೆ ರಸ್ತೆ. ಸ್ಪೀಶೀಸ್ ಅಂದ್ರೆ ಮನೆ."

"ಹನ್ನೊಂದನೇ ಮೇನ್ ಇರುತ್ತೆ. ಪಕ್ಕದಲ್ಲಿ ಹನ್ನೊಂದನೇ ಎ ಮೇನ್, ಬಿ ಮೇನ್ ಅಂತ ಹುಟ್ಕೊಂಡಿರುತ್ತಲ್ಲ, ಅವು?"

"ನಮ್ಮಲ್ಲೂ ಇವೆ. ಉಪಜಾತಿ ಅಂತೀವಿ."

ಮಾವನವರಿಗೆ ಪರಮ ತೃಪ್ತಿಯಾಯಿತು. ಜಯನಗರ ಅರ್ಥವಾದವರಿಗೆ ಸಸ್ಯಶಾಸ್ತ್ರ ಕಷ್ಟವಲ್ಲ.

ಗಿಡಗಳಿಗೆ ಹಿಂದೆ ಇಂಥ ಚಿಕ್ಕ ವಿಳಾಸ ಇರಲಿಲ್ಲ ಎಂದೂ ಹೇಳಿದೆ. ಒಂದೊಂದಕ್ಕೂ ಲ್ಯಾಟಿನ್ನಿನಲ್ಲಿ ಒಂದು ಸಾಲು ಉದ್ದದ ವರ್ಣನೆ. "ಮಾರ್ಕೆಟ್ ಹತ್ತಿರ ಇಳಿದು, ಹಸಿರು ಗೇಟಿನ ಮನೆಯ ಎದುರು, ಕನ್ನಡಕ ಹಾಕಿಕೊಂಡವರ ಎರಡನೇ ಮಗಳು" ಎಂದ ಹಾಗೆ. ಸ್ವೀಡನ್ನಿನ ಒಬ್ಬ ಪಂಡಿತ, ಎರಡೇ ಪದ ಸಾಕು ಎಂದು ಅದನ್ನೆಲ್ಲ ಕತ್ತರಿಸಿದ. ನಮ್ಮ ಆಂಧ್ರದ ನೆಂಟರ ಹಾಗೆ, ಮನೆತನದ ಹೆಸರು ಮುಂದೆ, ಸ್ವಂತದ್ದು ಹಿಂದೆ.

ಎಣ್ಣೆ ಡಬ್ಬದ ತಗಡು ಕತ್ತರಿಸಿ, ಬಿಳಿ ಬಣ್ಣ ಬಳಿದು, ಮೇಲೆ ಕಪ್ಪು ಅಕ್ಷರದಲ್ಲಿ ಮಾವನವರು ಹೆಸರು ಬರೆಯತೊಡಗಿದರು. ಗಿಡಕ್ಕೊಂದು ಫಲಕ. ರಸ್ತೆಯಲ್ಲಿದ್ದ ಹೊಂಗೆಯನ್ನೂ ಬಿಡಲಿಲ್ಲ. ಆ ಹೊಂಗೆಯೇ ನಮ್ಮನ್ನು ಸೋಲಿಸಿತು. ನಾನು ಕಾಲೇಜು ಸೇರಿದಾಗ ಓದಿದ್ದು ಪೊಂಗಾಮಿಯಾ ಗ್ಲಾಬ್ರಾ. ಎಂಥ ಚೆಂದದ ಹೆಸರು ನೋಡಿ. ತಮಿಳು ಮಲಯಾಳದ ಕಡೆಯ 'ಪೊಂಗಂ' ಅದರೊಳಗಿದೆ, ನಮ್ಮ ಪಕಾರ ಹಕಾರವಾಗುವ ಮುಂಚಿನ ಹೊಂಗೆಯೂ ಇದೆ. ಎಂ.ಎಸ್ಸಿ.ಗೆ ಬರುವಷ್ಟರಲ್ಲಿ ಪೊಂಗಾಮಿಯಾ ಪಿನ್ನಾಟಾ ಎನ್ನಬೇಕು ಎಂದರು. ಮಾವನವರು ಫಲಕ ಕಟ್ಟಿದ ಮೇಲೆ, ಅಲ್ಲ, ಅದು ಡೆರಿಸ್ ಎಂಬ ಬೇರೆ ರಸ್ತೆಗೆ ಸೇರಬೇಕಾದ ಮನೆ ಎಂದು ಯಾರೋ ವಾದಿಸಿರುವುದು ನನ್ನ ಕಣ್ಣಿಗೆ ಬಿತ್ತು. ಮರ ಅಲ್ಲೇ ನಿಂತಿತ್ತು, ಅದೇ ನೆರಳು ಕೊಡುತ್ತಿತ್ತು, ಯುಗಾದಿಗೆ ಅದೇ ಎಳೆ ಹಸಿರು ತಳೆಯುತ್ತಿತ್ತು. ತಗಡು ಮಾತ್ರ ಇಳಿದು ಹತ್ತಿ ಮಾಡುತ್ತಿತ್ತು. ಕೊನೆಗೆ ಮಾವನವರು ಹೊಂಗೆಯ ಫಲಕಕ್ಕೆ ಕಪ್ಪು ಬಣ್ಣ ಬಳಿದು ಸೀಮೆಸುಣ್ಣದಲ್ಲಿ ಬರೆದರು. "ಅವರು ಒಂದು ನಿರ್ಧಾರಕ್ಕೆ ಬಂದ ಮೇಲೆ ಹೇಳಮ್ಮ, ಪೇಂಟ್ ಮಾಡೋಣ" ಅಂದರು.

ಇದೆಲ್ಲ ನಗುವ ಮಾತಾಯಿತು. ನಗು ಬಾರದ ಒಂದು ವಿಷಯವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದಳು. ಗೇಟಿನ ಹತ್ತಿರವೇ ನಿಂತು, ತವರಿನಲ್ಲಿ ಕರೆಯುವ ಹಾಗೆ, "ವಿಶಾಲೂ" ಎಂದು ಕೂಗಿದಳು. ಹೂ ಬಿಡಿಸುತ್ತಿದ್ದ ಅತ್ತೆ ಬೆನ್ನು ನೆಟ್ಟಗೆ ಮಾಡಿ, "ಯಾರು ಅದು?" ಎಂದರು. ಆಮೇಲೆ ಕಾಫಿ ಕೊಡುವಾಗ ಮೆತ್ತಗೇ ಹೇಳಿದರು. "ನೀವು ಹಾಗೆ ಕರೆದ್ರೆ ನನಗೆ ಒಂಥರಾ ಆಗುತ್ತೆ ನೋಡಿ. ಇಲ್ಲಿ ಎಲ್ರೂ ಸೌಮ್ಯ ಅಂತೀವಿ." ಅಮ್ಮ ತಲೆಯಾಡಿಸಿದಳು. ಅವತ್ತಿನಿಂದ ಅವಳೂ ಸೌಮ್ಯ ಎಂದೇ ಕರೆದಳು. ಆದರೆ ಪ್ರತಿ ಸಲವೂ ಕರೆಯುವ ಮುಂಚೆ ಒಂದು ಕ್ಷಣ ನಿಲ್ಲುತ್ತಿದ್ದಳು. ಪರರ ಮನೆಗೆ ಹೋಗಿ ಸರಿಯಾಗಿ ಗುರುತಿಲ್ಲದವರನ್ನು ವಿಚಾರಿಸುವ ಹಾಗೆ. ಆ ಒಂದು ಕ್ಷಣ ನನಗೆ ಬಹಳ ಕಷ್ಟವಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಏನಂತ ಹೇಳುವುದು? ಅನ್ನ, ಬಟ್ಟೆ, ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ, ಯಾವುದಕ್ಕೂ ಆ ಮನೆಯಲ್ಲಿ ಕೊರತೆ ಇರಲಿಲ್ಲ.

ಹೀಗೆ ಏಳೆಂಟು ವರ್ಷ ಕಳೆದವು. ಎಂಬತ್ತರ ದಶಕ ಶುರುವಾಗಿತ್ತು. ಒಂದು ವಿಚಾರ ಸಂಕಿರಣಕ್ಕೆ ಹೋದವಳು, ತುಳಸಿಯ ಹೆಸರೂ ಬದಲಾಗಬೇಕು ಎಂಬ ಸುದ್ದಿ ಹೊತ್ತುಕೊಂಡು ಬಂದೆ. ನಾವೆಲ್ಲ ಓದಿದ್ದು ಆಸಿಮಮ್ ಸ್ಯಾಂಕ್ಟಮ್ ಎಂದು. ಆದರೆ ಆ ಹೆಸರಿಟ್ಟ ಸ್ವೀಡನ್ನಿನ ಪಂಡಿತನೇ ಅದಕ್ಕೂ ಮುಂಚಿನ ಪುಸ್ತಕದಲ್ಲಿ, ಮರೆತೋ ಏನೋ, ಇದೇ ತುಳಸಿಯನ್ನು ಟೆನ್ಯುಯಿಫ್ಲೋರಮ್ ಎಂದು ಕರೆದುಬಿಟ್ಟಿದ್ದ. ಒಂದೇ ಗಿಡಕ್ಕೆ ಎರಡು ಹೆಸರಿದ್ದರೆ ಮೊದಲು ಇಟ್ಟದ್ದೇ ಊರ್ಜಿತ. ಮಾವನವರಿಗೆ ಹೇಳಿದೆ. ಅವರು ಅಂದೇ ಮಧ್ಯಾಹ್ನ ತುಳಸಿಕಟ್ಟೆಯ ಫಲಕ ಕಿತ್ತು ಹೊಸದು ಬರೆದು ಕಟ್ಟೆಯ ಮೇಲೆಯೇ ಒಣಗಲು ಇಟ್ಟರು. ಮಾರನೆಯ ದಿನ ಉತ್ಥಾನ ದ್ವಾದಶಿ, ತುಳಸಿಯ ಮದುವೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಆ ಹಬ್ಬಕ್ಕೆ ಅತ್ತೆಯ ಅಕ್ಕ ಬಂದಿದ್ದರು. ಸೀತಕ್ಕ ಅಂತ. ಮದುವೆಯಾದಾಗಿನಿಂದ ಹೈದರಾಬಾದಿನಲ್ಲೇ ಇದ್ದವರು, ನನ್ನ ಮದುವೆಗೂ ಬಂದಿರಲಿಲ್ಲ. ಮಗನಿಗೆ ವರ್ಗವಾಗಿ ಆಗಷ್ಟೇ ನಮ್ಮ ಪಕ್ಕದ ಸಿದ್ದಾಪುರದಲ್ಲಿ ಮನೆ ಮಾಡಿದ್ದರು. ಅಕ್ಕತಂಗಿಯರು ಸೇರಿ ತುಳಸಿಕಟ್ಟೆಗೆ ರಂಗೋಲಿ ಹಾಕಿ, ನೆಲ್ಲಿಯ ಕೊಂಬೆಯನ್ನು ವರನೆಂದು ನೆಟ್ಟು, ದೀಪ ಹಚ್ಚಲು ಸಜ್ಜಾದಾಗ ಅತ್ತೆಯ ಕಣ್ಣು ಫಲಕದ ಮೇಲೆ ಬಿತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಅವರಿಗೆ ಬರುತ್ತಿತ್ತು.

"ಇದೇನು ಬೇರೆ ಇದೆ?"

"ಹೆಸರು ಬದಲಾಗಿದೆ ಅತ್ತೆ."

"ಮೊದಲಿಂದಕ್ಕೆ ಏನರ್ಥ?"

"ಪವಿತ್ರವಾದದ್ದು ಅಂತ."

"ಇದಕ್ಕೆ?"

"ಸಣ್ಣ ಹೂವಿನದು ಅಂತ."

ಅತ್ತೆ ತುಳಸಿಯ ಕಡೆ ತಿರುಗಿದರು. "ವರ್ಷಾವರ್ಷ ಮದುವೆ ಮಾಡ್ತೀವಿ ಇವಳಿಗೆ. ಒಂದು ಸಲಾನೂ ಹೆಸರು ಬದಲಾಯಿಸಿಲ್ಲ. ನೀವು ಕೂತ ಕಡೆ ಬದಲಾಯಿಸಿಬಿಟ್ರಲ್ಲ."

ಮಾವನವರು ಪೇಪರಿನ ಹಿಂದೆ ಸರಿದರು. ಉತ್ತರ ಕೊಡುವ ಹೊಣೆ ನನ್ನದಾಯಿತು. ವರ ನೆಲ್ಲಿರಾಯನಿಗೂ ನಮ್ಮವರಲ್ಲಿ ಎರಡು ಹೆಸರಿವೆ ಎಂದು ಹೇಳುವ ಧೈರ್ಯ ಬರಲಿಲ್ಲ. "ನಾವಾಗಿ ಮಾಡಿದ್ದಲ್ಲ ಅತ್ತೆ. ನಿಯಮ ಹಾಗಿದೆ. ಯಾವುದು ಮೊದಲು ಇಟ್ಟ ಹೆಸರೋ ಅದೇ ನಿಜವಾದದ್ದು. ಆಮೇಲೆ ಇಟ್ಟದ್ದು ಎಷ್ಟು ಚೆನ್ನಾಗಿದ್ರೂ, ಎಷ್ಟು ವರ್ಷ ಕರೆದಿದ್ರೂ ನಿಲ್ಲೋದಿಲ್ಲ."

ಹೂಬತ್ತಿ ಹೊಸೆಯುತ್ತಿದ್ದ ಸೀತಕ್ಕ ಕೈ ನಿಲ್ಲಿಸಿ ನಗತೊಡಗಿದರು. "ಹಾಗಾದ್ರೆ ನಿನ್ನ ಗತಿ ಏನೇ ಕಮಲೂ?" ಅಂದರು.

ನಾನು ಸುತ್ತ ನೋಡಿದೆ. ಕಮಲು ಎಂಬವರು ಯಾರೂ ಅಲ್ಲಿರಲಿಲ್ಲ. ಅತ್ತೆ, "ಸುಮ್ನಿರೇ ಅಕ್ಕ" ಅಂದರು.

ಸೀತಕ್ಕ ಸುಮ್ಮನಿರುವ ಪೈಕಿಯಲ್ಲ. ಅವರ ಬಾಯಿಂದಲೇ ತಿಳಿಯಿತು. ಅತ್ತೆಯ ಹುಟ್ಟು ಹೆಸರು ಕಮಲ. ಹದಿಮೂರನೆಯ ವಯಸ್ಸಿಗೆ ಈ ಮನೆಗೆ ಬಂದಾಗ ಇಲ್ಲಿ ಆಳುತ್ತಿದ್ದ ಅವರ ಅತ್ತೆಯ ಹೆಸರು ಕಮಲಮ್ಮ. ಹೊಸ್ತಿಲು ದಾಟುತ್ತಿದ್ದಂತೆ ಹುಡುಗಿಯನ್ನು ವಿಶಾಲಾಕ್ಷಿ ಮಾಡಿದರು. ಆದರೆ ಯಾರು ಕರೆದರೂ ಹುಡುಗಿ ಓಗೊಡುತ್ತಿರಲಿಲ್ಲ. ಹಠವಲ್ಲ, ತನ್ನನ್ನೇ ಕರೆಯುತ್ತಿದ್ದಾರೆಂದು ಹೊಳೆಯುತ್ತಲೇ ಇರಲಿಲ್ಲ. ಕಮಲಮ್ಮನವರು ಸೊಸೆಗೆ ಕಿವಿ ಮಂದ ಎಂದು ತೀರ್ಮಾನಿಸಿದರು. "ತಿಂಗಳುಗಟ್ಟಲೆ ಇವಳ ಕಿವಿಗೆ ಬೆಳ್ಳುಳ್ಳಿ ಕಾಸಿದ ಎಣ್ಣೆ ಹಾಕಿದ್ರಂತಮ್ಮ," ಎಂದು ಸೀತಕ್ಕ ಕಣ್ಣೊರೆಸಿಕೊಂಡು ನಕ್ಕರು. "ತವರಿಗೆ ಬಂದಾಗ ತಲೆಯೆಲ್ಲ ಬೆಳ್ಳುಳ್ಳಿ ವಾಸನೆ. ಅಪ್ಪ ಕಮಲೂ ಅಂತ ಒಂದು ಸಲ ಕರೆದಿದ್ದೇ ತಡ, ಓಡಿ ಬಂದಳು. ಕಿವಿ ನೆಟ್ಟಗಿದೆ ಅಂತ ನಮಗೆ ಆಗ ಗೊತ್ತಾಯ್ತು."

ಅತ್ತೆಯೂ ನಕ್ಕರು. ನಗುತ್ತಾ ನಗುತ್ತಾ ನನ್ನ ಕಡೆ ನೋಡಿದರು, ನೋಡಿದವರು ನಗು ನಿಲ್ಲಿಸಿದರು. ದೀಪ ಹಚ್ಚಿದರು, ಆರತಿ ಆಯಿತು, ಎಲ್ಲರಿಗೂ ಕೋಸಂಬರಿ ಕೊಟ್ಟರು.

ಮಾರನೆಯ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಿದ್ದೆ. ಅಡಿಗೆಮನೆಯಿಂದ, "ವಿಶಾಲೂ, ಕಾಫಿ ಆರುತ್ತೆ" ಎಂದು ಕೇಳಿಸಿತು. ನಾನು ಪಿನ್ನು ಹಾಕಿಕೊಳ್ಳುತ್ತಲೇ ಇದ್ದೆ. ಮತ್ತೊಮ್ಮೆ ಕೇಳಿಸಿತು. ಆಮೇಲೆ ಅತ್ತೆಯೇ ಲೋಟ ಹಿಡಿದು ಬಾಗಿಲಿಗೆ ಬಂದರು. "ನಿನ್ನ ಕಿವಿಗೂ ಎಣ್ಣೆ ಹಾಕಬೇಕೇನು?" ಅಂದರು.

ಅತ್ತೆ ಲೋಟ ಕೈಗಿಟ್ಟು, ನನ್ನ ಮುಖ ನೋಡದೆ, ಕಿಟಕಿಯ ಕಡೆ ನೋಡಿಕೊಂಡು ಹೇಳಿದರು. "ನನಗೆ ಮರೆತೇ ಹೋಗಿತ್ತು ಕಣೇ. ನಿಮ್ಮಮ್ಮ ಕರೆದಾಗ ನನ್ನ ಹೆಸರು ಯಾರೋ ತಗೊಂಡ್ರು ಅನ್ನಿಸ್ತು. ಅದು ನನಗೂ ಯಾರೋ ಕೊಟ್ಟಿದ್ದು ಅನ್ನೋದು ನೆನಪಿಗೇ ಬರಲಿಲ್ಲ."

"ನಾವು ನಿಮ್ಮನ್ನ ಕಮಲಮ್ಮ ಅಂತ ಕರೀಬೇಕಾ ಅತ್ತೆ?"

"ಬೇಡ. ಕಮಲ ಅಂದ್ರೆ ಹದಿಮೂರು ವರ್ಷದ ಹುಡುಗಿ. ಈಗ ಕೂಗಿದ್ರೆ ಯಾರು ಓಡಿ ಬರ್ತಾರೆ? ನಾನು ವಿಶಾಲಾಕ್ಷಮ್ಮನೇ. ನೀನೂ ಆಗು. ಒಂದು ಮನೇಲಿ ಇಬ್ಬರಿದ್ರೆ ಸೂರು ಬೀಳಲ್ಲ."

ನಡುಮನೆಯಿಂದ ಮಾವನವರು ಕೇಳಿದರು. "ನಿಮ್ಮ ನಿಯಮ ಇದಕ್ಕೆ ಒಪ್ಪುತ್ತಾ?"

ಪ್ರಾಮಾಣಿಕವಾಗಿ ಹೇಳಬೇಕೆಂದರೆ ಒಪ್ಪುವುದಿಲ್ಲ. ಅತ್ತೆ ವಿಶಾಲಾಕ್ಷಿಯಾದದ್ದು ನಾನು ಹುಟ್ಟುವ ಎಷ್ಟೋ ಮುಂಚೆ. ಮೊದಲನೆಯವಳಿಗೆ ಆ ಹೆಸರು ಸಲ್ಲದಿದ್ದರೂ ಎರಡನೆಯವಳಿಗೆ ಅದು ದಕ್ಕುವುದಿಲ್ಲ ಎನ್ನುವಷ್ಟು ಕಟ್ಟುನಿಟ್ಟು ನಮ್ಮವರು. ಆದರೆ ಇನ್ನೊಂದು ಸೌಕರ್ಯವೂ ನಮ್ಮ ಶಾಸ್ತ್ರದಲ್ಲಿದೆ. ತಪ್ಪು ಹೆಸರಾದರೂ ಜನ ಅದಕ್ಕೆ ಒಗ್ಗಿಹೋಗಿ, ತೆಗೆದರೆ ಬರೀ ಗೊಂದಲವೇ ಆಗುತ್ತದೆ ಎನ್ನಿಸಿದರೆ, ದೊಡ್ಡವರೆಲ್ಲ ಸಭೆ ಸೇರಿ, "ಇದು ಹೀಗೆಯೇ ಇರಲಿ" ಎಂದು ಕಾಪಾಡಬಹುದು. ಸಂರಕ್ಷಿತ ನಾಮ ಎನ್ನುತ್ತಾರೆ. ಮಾವನವರಿಗೆ ಅದನ್ನು ವಿವರಿಸಿದೆ. ಅವರು ಅಲ್ಲೇ ಸಭೆ ಸೇರಿದೆಯೆಂದು ಭಾವಿಸಿ ಎರಡೂ ಹೆಸರನ್ನು ಕಾಪಾಡಿದರು. "ಅಲ್ಲ ಮಾವ, ಇಷ್ಟು ವರ್ಷ ನೀವು ಅತ್ತೆಯನ್ನ ಏನಂತ ಕರೀತಿದ್ರಿ?" ಅಂದೆ. ಅವರು ಯೋಚಿಸಿ, "ನಾನು ಇವಳೇ ಅಂತೀನಿ. ಅದನ್ನ ಯಾರೂ ಬದಲಾಯಿಸೋ ಹಾಗಿಲ್ಲ" ಅಂದರು.

ತೊಂದರೆಗೆ ಸಿಕ್ಕಿದ್ದು ನನ್ನ ಗಂಡ. ಕಷ್ಟಪಟ್ಟು ಸೌಮ್ಯ ಅಭ್ಯಾಸ ಮಾಡಿಕೊಂಡಿದ್ದ ಮನುಷ್ಯ. ವಿಶಾಲಾಕ್ಷಿ ಅನ್ನಲು ಹೋದರೆ ನಾಲಿಗೆ ಅಮ್ಮನನ್ನು ನೆನೆದು ಹಿಂದೇಟು ಹಾಕುತ್ತಿತ್ತು. ನೀವು ಸೌಮ್ಯ ಅಂತಲೇ ಕರೆಯಿರಿ ಎಂದೆ. ನಮ್ಮಲ್ಲಿ ಬಿದ್ದುಹೋದ ಹೆಸರನ್ನೂ ಎಸೆಯುವುದಿಲ್ಲ, ಪರ್ಯಾಯ ನಾಮ ಎಂದು ಪಕ್ಕದಲ್ಲಿ ಬರೆದಿಡುತ್ತೇವೆ. ಎಂಟು ವರ್ಷ ಒಬ್ಬರು ಪ್ರೀತಿಯಿಂದ ಕರೆದ ಹೆಸರು ಸುಳ್ಳಾಗುವುದು ಹೇಗೆ?

ಆ ಸಂಕ್ರಾಂತಿಗೆ ಅಮ್ಮ ಎಳ್ಳು ಕೊಡಲು ಬಂದಳು. ಗೇಟು ತೆಗೆದವರು ಅತ್ತೆ. "ಬನ್ನಿ ಬನ್ನಿ, ವಿಶಾಲು ಒಳಗಿದಾಳೆ" ಅಂದರು. ಅಮ್ಮ ಎಳ್ಳಿನ ಚೀಲ ಹಿಡಿದುಕೊಂಡು ಅಲ್ಲೇ ನಿಂತು ಅತ್ತೆಯನ್ನು ನೋಡಿದಳು. ಆಮೇಲೆ ಇಬ್ಬರೂ ಅಡಿಗೆಮನೆಯಲ್ಲಿ ಕೂತು ಏನು ಮಾತಾಡಿಕೊಂಡರೋ, ನನ್ನನ್ನು ಒಳಗೆ ಬಿಡಲಿಲ್ಲ.

ಇದಾದ ಮರುವರ್ಷ ಕಾಲೇಜಿನ ಮಕ್ಕಳನ್ನು ಗಿಡ ಗುರುತಿಸಲು ಬಿಟಿಎಂ ಲೇಔಟಿನ ಕಡೆ ಕರೆದುಕೊಂಡು ಹೋಗಿದ್ದೆ. ಆಗ ಅಲ್ಲಿ ಲೇಔಟ್ ಅಂದರೆ ನೆಟ್ಟ ಕಲ್ಲುಗಳು, ಎಳೆದ ರಸ್ತೆ, ಮಿಕ್ಕಿದ್ದೆಲ್ಲ ಬಯಲು. ಅಲ್ಲೊಂದು ಪುಟ್ಟ ಗಿಡ ಸಿಕ್ಕಿತು. ಹೂವಿಲ್ಲ, ಕಾಯಿಲ್ಲ. ಎಲೆ ನೋಡಿದರೆ ಒಂದು ಫ್ಯಾಮಿಲಿ ಅನ್ನಿಸುತ್ತದೆ, ಕಾಂಡ ನೋಡಿದರೆ ಇನ್ನೊಂದು. ಹುಡುಗಿಯರ ಮುಂದೆ ಹೆಸರು ತೋಚದೆ, ಬೇರುಸಮೇತ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ. ಪುಸ್ತಕಗಳನ್ನು ಹರಡಿಕೊಂಡು ಸಾಯಂಕಾಲವೆಲ್ಲ ತಡಕಾಡಿದೆ. ಗಿಡ ಮೇಜಿನ ಮೇಲೆ ಬಾಡತೊಡಗಿತ್ತು.

ಅತ್ತೆ ಬಂದು ನೋಡಿದರು. "ಏನು ಹುಡುಕ್ತಿದೀಯ?"

"ಇದರ ಹೆಸರು ಅತ್ತೆ. ಸಿಗ್ತಾ ಇಲ್ಲ."

"ಮನೆಗೆ ಬಂದವರಿಗೆ ಮೊದಲು ನೀರು ಕೊಡ್ತಾರೆ. ಹೆಸರು ಆಮೇಲೆ ಕೇಳ್ತಾರೆ," ಎಂದು ಅದನ್ನು ಎತ್ತಿಕೊಂಡು ಹೋಗಿ ಒಂದು ಒಡಕು ಕುಂಡದಲ್ಲಿ ನೆಟ್ಟು ನೀರು ಹಾಕಿದರು.

ಶಾಸ್ತ್ರವೂ ಅದನ್ನೇ ಹೇಳುತ್ತದೆ, ಸ್ವಲ್ಪ ಸುತ್ತುಬಳಸಿ. ಹೂ ನೋಡದೆ ಗಿಡದ ಕುಲ ಹೇಳಬೇಡಿ ಎನ್ನುತ್ತದೆ. ಮಳೆಗಾಲ ಬರುವಷ್ಟರಲ್ಲಿ ಅದು ಚಿಗುರಿ, ಎಲೆಸಂದಿನಲ್ಲಿ ತಿಳಿನೀಲಿಯ ಸಣ್ಣ ಹೂ ಬಿಟ್ಟಿತು. ಅದೇ ದಿನ ಪುಸ್ತಕದಲ್ಲಿ ಹೆಸರೂ ಸಿಕ್ಕಿತು, ಉದ್ದನೆಯದು. ಓಡಿಹೋಗಿ ಅತ್ತೆಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ, ಇರಲಿ" ಅಂದರು. ಆಮೇಲೆ ಅದರ ಎರಡು ಹೂ ಕಿತ್ತುಕೊಂಡು ದೇವರ ಮನೆಗೆ ಹೋದರು.